ನಾವು ತಿನ್ನದ ಕಾಯಿ

ನಿವೃತ್ತನಾದ ಮೇಲೆ ಮಧುಗಿರಿಯ ನಮ್ಮ ಮನೆಗೆ ಆಗಾಗ ಹೊಸ ಹುಡುಗರು ಬರುತ್ತಾರೆ. ಕೃಷಿ ಡಿಪ್ಲೊಮಾ ಮುಗಿಸಿ ಮಿಡಿಸೌತೆ ಕಂಪನಿಗಳಲ್ಲಿ ಫೀಲ್ಡ್ ಸೂಪರ್‌ವೈಸರ್ ಆಗಿ ಸೇರಿಕೊಂಡವರು. ಯಾವ ಹೋಬಳಿಯಲ್ಲಿ ಬೋರ್‌ವೆಲ್ ನೀರು ನಿಂತಿದೆ, ಯಾವ ಊರಿನವರು ಮಾತಿಗೆ ನಿಲ್ಲುತ್ತಾರೆ, ಬೂಜು ರೋಗ ಬಂದರೆ ಮೊದಲು ಏನು ಮಾಡಬೇಕು ಎಂದೆಲ್ಲ ಕೇಳುತ್ತಾರೆ. ಗೊತ್ತಿದ್ದನ್ನು ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ಅವರ ಬೈಕು ತಿರುವು ದಾಟಿದ ಮೇಲೆ ಹೇಳಬೇಕಾದದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸುತ್ತದೆ. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮಾಡಿದ್ದು ಒಂದೇ, ಹೆದರಿದ್ದು. ಅದನ್ನು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮಿಡಿಸೌತೆ ಅಂದರೆ ಬೆರಳಿನಷ್ಟು ಇರುವಾಗಲೇ ಕೀಳುವ ಸೌತೆ. ನಮ್ಮ ಕಡೆ ಅದನ್ನು ಯಾರೂ ಪಲ್ಯ, ಸಾರು ಎಂದು ಮಾಡಿ ತಿನ್ನುವುದಿಲ್ಲ. ನಮ್ಮ ಹೊಲಗಳಲ್ಲಿ ಬೆಳೆದು, ಕಾರ್ಖಾನೆಯಲ್ಲಿ ಉಪ್ಪುನೀರು, ವಿನೆಗರ್ ತುಂಬಿದ ನೀಲಿ ಡ್ರಮ್ಮುಗಳಿಗೆ ಬಿದ್ದು, ಹಡಗು ಹತ್ತಿ ಹೋಗುತ್ತದೆ. ಬೀಜದ ಪೊಟ್ಟಣ ಹೊರಗಿನಿಂದ ಬರುತ್ತದೆ. ಆ ಕಾಯಿಯಿಂದ ಬೀಜ ಎತ್ತಿಟ್ಟುಕೊಳ್ಳಲು ಆಗುವುದಿಲ್ಲ. ಯಾವ ಔಷಧಿ ಹೊಡೆಯಬೇಕು, ಯಾವುದು ಕೂಡದು ಎಂಬ ಪಟ್ಟಿಯೂ ಕೊಳ್ಳುವವರಿಂದಲೇ ಬರುತ್ತದೆ. ನೆಲ, ನೀರು ಮತ್ತು ಬಗ್ಗುವ ಬೆನ್ನು ಮಾತ್ರ ನಮ್ಮದು.

ನನ್ನ ಮೊದಲ ವರ್ಷಗಳು ಪಾವಗಡದ ಕಡೆ ಕಳೆದವು. ಆಂಧ್ರದ ಗಡಿಗೆ ತಾಗಿದ, ತೆಲುಗು ಬೆರೆಸಿ ಮಾತಾಡುವ ಊರೊಂದರಲ್ಲಿ ಓಬಳಪ್ಪ ಎಂಬ ರೈತನಿದ್ದ. ತಲೆಮಾರುಗಳಿಂದ ಕಡಲೆಕಾಯಿ ಬೆಳೆದ ಮನೆ. ನಮ್ಮ ಕಂಪನಿಯ ಮಾತು ಕೇಳಿ ಮೊದಲ ಬಾರಿಗೆ ಇಡೀ ತೋಟಕ್ಕೆ ಮಿಡಿಸೌತೆ ಹಾಕಿದ್ದ. ಬಳ್ಳಿ ತುಂಬ ಕಾಯಿ ಬಿಟ್ಟ ವಾರದಲ್ಲೇ ಲಾರಿ ಮುಷ್ಕರ ಶುರುವಾಯಿತು. ಈ ಕಾಯಿ ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆ ಬೆರಳಿನಷ್ಟಿದ್ದದ್ದು ಒಂದು ದಿನ ಬಿಟ್ಟರೆ ಮಣಿಕಟ್ಟಿನಷ್ಟಾಗುತ್ತದೆ, ಇನ್ನೊಂದು ದಿನಕ್ಕೆ ಮೊಳಕೈಯಷ್ಟು. ಆಮೇಲೆ ಕಂಪನಿ ಅದನ್ನು ಮುಟ್ಟುವುದಿಲ್ಲ.

"ಲಾರಿ ಎಪ್ಪುಡು ಬತ್ತೈತೆ ಸಾರ್?" ಎಂದು ಓಬಳಪ್ಪ ದಿನಕ್ಕೆ ನಾಲ್ಕು ಸಲ ಕೇಳಿದ. ಕೊನೆಗೆ ತಡೆಯಲಾರದೆ ಕುಕ್ಕೆಯಲ್ಲಿ ಕಾಯಿ ತುಂಬಿಕೊಂಡು ಬಸ್ಸು ಹತ್ತಿ ಪಾವಗಡದ ಸಂತೆಗೆ ಹೋದ. ಸಂಜೆ ತುಂಬಿದ ಕುಕ್ಕೆಯ ಸಮೇತ ವಾಪಸ್ ಬಂದ. ಒಬ್ಬಳು ಹೆಂಗಸು ಮುರಿದು ಬಾಯಿಗಿಟ್ಟು, ಕಹಿ ಎಂದು ಅಲ್ಲೇ ಉಗಿದು ಹೋದಳಂತೆ.

ನಾವಿಬ್ಬರೂ ಬದುವಿನ ಮೇಲೆ ಕೂತಿದ್ದೆವು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಡ್ಲೆಕಾಯಾಗಿದ್ರೆ ಮೂಲೇಲಿ ಸುರ್ಕೊಂಡು ವರ್ಷ ಕಾಯ್ಬೋದಿತ್ತು ಸಾರ್. ಏನೂ ಇಲ್ದಿದ್ರೆ ಮಕ್ಕಳು ಮರೀಗೆ ಹುರ್ದಾದ್ರೂ ಕೊಡ್ಬೋದಿತ್ತು. ಇದಿ ನಾಳೆದಾಕ ಇರಲ್ಲ, ತಿನ್ನಾಕೂ ಬರಲ್ಲ. ಮೀರು ಬ್ಯಾಡ ಅಂದ್ರೆ ಇನ್ಯಾರ್ನ ಕೇಳಾನ?" ಎಂದ. ಹೇಳುತ್ತ ಹೇಳುತ್ತ ಅವನು ಕುಕ್ಕೆಯ ಕಾಯಿಗಳನ್ನು ಒಂದೊಂದಾಗಿ ಮುರಿದು ಬದುವಿನಾಚೆ ಎಸೆಯುತ್ತಿದ್ದ. ಒಬ್ಬನೇ ಕೊಳ್ಳುವವನಿರುವ ಬೆಳೆ, ಮನೆಯವರು ತಿನ್ನಲಾಗದ ಬೆಳೆ ಎಂಥ ಭಯ ಎಂದು ಅವತ್ತು ಆ ಕೈ ನೋಡಿ ತಿಳಿಯಿತು. ಮುಷ್ಕರ ಮುಗಿಯಿತು, ಲಾರಿ ಬಂತು, ಅಷ್ಟರಲ್ಲಿ ಬಳ್ಳಿ ಸೋತಿತ್ತು. ಮುಂದಿನ ಮಳೆಗೆ ಓಬಳಪ್ಪ ಮತ್ತೆ ಕಡಲೆಕಾಯಿ ಬಿತ್ತಿದ. ನನ್ನನ್ನು ಕಂಡರೆ ನಗುತ್ತಿದ್ದ, ಆದರೆ ಹೊಲದೊಳಕ್ಕೆ ಕರೆಯುತ್ತಿರಲಿಲ್ಲ.

ಮೇಲಧಿಕಾರಿಗಳ ಬಗ್ಗೆಯೂ ಹುಡುಗರು ಕೇಳುತ್ತಾರೆ. ನನ್ನ ಮೊದಲ ಮ್ಯಾನೇಜರು ಜಗಳಗಂಟ, ಆದರೆ ಹೊಲದಲ್ಲಿ ನಿಂತು ಜಗಳವಾಡುತ್ತಿದ್ದ. ಚಪ್ಪಲಿ ಕಳಚಿಟ್ಟು ಸಾಲಿನೊಳಗೆ ನಡೆದು, ಎಲೆಯ ಹಿಂಬದಿ ತಿರುವಿ ನೋಡಿ, ಆಮೇಲೆ ಬೈಯುತ್ತಿದ್ದ. ಅವನ ನಂತರ ಬಂದವರು ಪ್ರಭಾಕರ್. ಮೆಲುಮಾತಿನ ಮನುಷ್ಯ, ಒಂದು ದಿನವೂ ದನಿ ಎತ್ತಿದವರಲ್ಲ. ಹೊಲಕ್ಕೆ ಬಂದದ್ದೂ ಕಡಿಮೆ. ಅವರ ಕಾಲಕ್ಕೆ ಎಲ್ಲವೂ ಫೋನಿಗೆ ಬಂತು. ಎಲೆಯ ಫೋಟೋ ಕಳಿಸಿದರೆ ಔಷಧಿಯ ಹೆಸರು ಬರುತ್ತಿತ್ತು. ಮೊದಲೆಲ್ಲ ಕಾಯಿಯ ಅಳತೆ, ಬಣ್ಣ ಸರಿಯಿದ್ದರೆ ಸಾಕಿತ್ತು. ಈಗ ಪ್ರತಿ ಲಾಟಿನ ಮಾದರಿ ಲ್ಯಾಬಿಗೆ ಹೋಗುತ್ತಿತ್ತು. ರಿಪೋರ್ಟು ಬರುವವರೆಗೆ, ಆಗ ನನ್ನನ್ನು ಹಾಕಿದ್ದ ಕೊಳಾಲದ ಖರೀದಿ ಕೇಂದ್ರದಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಕೂತವರ ಹಾಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಔಷಧಿಯ ಪಟ್ಟಿಯೂ ವರ್ಷ ವರ್ಷ ಬದಲಾಗುತ್ತಿತ್ತು. ಹೋದ ಬೆಳೆಗೆ ನಾವೇ ಹಂಚಿದ ಔಷಧಿ ಈ ಬೆಳೆಗೆ ಕೂಡದು ಎಂದಾಗುತ್ತಿತ್ತು. ಯಾಕೆ ಎಂದು ಮೇಲಿನವರು ಹೇಳುತ್ತಿರಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ ಎಂದು ಕಾಣುತ್ತದೆ.

ಇನ್ನು ನನ್ನನ್ನು ಈಗಲೂ ಬಿಡದ ಆ ಸಂಗತಿಗೆ ಬರುತ್ತೇನೆ.

ಕೊಳಾಲದಿಂದ ಸ್ವಲ್ಪ ಆಚೆ, ಕೆರೆಯ ಪಕ್ಕದ ಒಂದು ಊರಿನಲ್ಲಿ ಗಂಗಮ್ಮ, ರಂಗಧಾಮಯ್ಯ ಎಂಬ ಗಂಡ ಹೆಂಡತಿ ಇದ್ದರು. ನಮ್ಮ ಹಳೆಯ ಬೆಳೆಗಾರರು. ರಂಗಧಾಮಯ್ಯನಿಗೆ ಮಾತು ಕಡಿಮೆ. ತೋಟ ನಡೆಸುತ್ತಿದ್ದವಳು ಗಂಗಮ್ಮ. ನನ್ನನ್ನು 'ನರಸಣ್ಣ' ಎಂದು ಕರೆಯುತ್ತಿದ್ದಳು. ಅವರ ಒಬ್ಬಳೇ ಮಗಳು ರೂಪಳನ್ನು ಶಿರಾಕ್ಕೆ ಕೊಟ್ಟಿದ್ದರು. ಆ ಬೇಸಿಗೆಯಲ್ಲಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು.

ಒಂದು ಬೆಳಿಗ್ಗೆ ಕೇಂದ್ರಕ್ಕೆ ಲಾರಿ ತಂದ ಬಾಬು ನಗುತ್ತ ಇಳಿದ. ಬಾಬು ಶಿರಾದವನು, ಬಹಳ ವರ್ಷದಿಂದ ನಮಗೆ ಗಾಡಿ ಓಡಿಸುತ್ತಿದ್ದ. "ಅರೇ ಸಾಬ್, ನಿಮ್ ಕಂಪ್ನಿ ಡ್ರಮ್ ಫ್ರೀ ಕೊಡ್ತಿದೆ, ನಮ್ಗೆ ಹೇಳ್ಲೇ ಇಲ್ವಲ್ಲ! ಆ ಕೆರೆ ಊರಲ್ಲಿ ಮನೆ ಮನೆ ಮುಂದೆ ನೀಲಿ ಡ್ರಮ್ ನಿಂತೈತೆ," ಎಂದ.

ಕಂಪನಿ ಯಾರಿಗೂ ಡ್ರಮ್ಮು ಕೊಟ್ಟಿರಲಿಲ್ಲ. ಬೈಕು ಹತ್ತಿ ಹೋದೆ. ದಾರಿಯಲ್ಲೇ ಒಬ್ಬ ಮೊಪೆಡ್ಡಿಗೆ ಡ್ರಮ್ಮು ಕಟ್ಟಿಕೊಂಡು ಎದುರು ಬಂದ. ನಿಲ್ಲಿಸಿ ಅದರ ಮೇಲಿನ ಚೀಟಿ ನೋಡಿದೆ. ಹೋದ ವರ್ಷ ಹಡಗು ಹತ್ತಿ ಹೋದ ಮಾಲು. ಅಲ್ಲಿನ ಬಂದರಿನಲ್ಲಿ ಪರೀಕ್ಷೆಯಲ್ಲಿ ತಿರಸ್ಕೃತವಾಗಿ ವಾಪಸ್ ಬಂದಿದೆ ಎಂದು ಆಫೀಸಿನಲ್ಲಿ ಪಿಸುಮಾತು ಕೇಳಿದ್ದೆ. ರಸ್ತೆಯಲ್ಲೇ ನಿಂತು ಪ್ರಭಾಕರ್ ಅವರಿಗೆ ಫೋನು ಮಾಡಿದೆ.

ಅವರು ಚೀಟಿಯ ಮೇಲಿನ ನಂಬರು ಕೇಳಿಕೊಂಡರು. ಆಮೇಲೆ, "ಗುಂಡಿ ತೋಡಿ ಹೂಳಿ ಅಂತ ಒಬ್ಬ ಕಂಟ್ರಾಕ್ಟರಿಗೆ ವಹಿಸಿದ್ವಿ ನರಸಪ್ಪ. ಅವನು ಕೆರೆಯಲ್ಲಿ ಸುರಿದು ಡ್ರಮ್ ಹಂಚಿದಾನೆ ಅಂತ ಕಾಣುತ್ತೆ. ನೀವು ಗಲಾಟೆ ಮಾಡ್ಬೇಡಿ. ಡ್ರಮ್ ಮಾತ್ರ ಸುಮ್ಮನೆ ವಾಪಸ್ ತಗೊಳ್ಳಿ," ಎಂದರು.

ಒಣಗಿದ ಕೆರೆಯ ಅಂಗಳದಲ್ಲಿ ಕಾಯಿ ರಾಶಿ ಬಿದ್ದಿತ್ತು. ಹುಳಿ ವಾಸನೆ ಏರಿಯ ಮೇಲಿನವರೆಗೆ ಬರುತ್ತಿತ್ತು. ಎರಡು ಮೇಕೆ ಮೂತಿ ಹಾಕಿ, ಸೀನಿ, ಹಿಂದೆ ಸರಿದವು. ಮೇಕೆಗಳಿಗೆ ಅಷ್ಟು ತಿಳಿಯಿತು. ಜನರು ಮಾತ್ರ ಬುಟ್ಟಿಗಳಲ್ಲಿ ತುಂಬಿಕೊಂಡು ಹೋಗಿದ್ದರು. ಉಪ್ಪಲ್ಲಿ ನೆನೆದ ಮಿಡಿ, ಹುಳಿ ಬೇರೆ. ಹುಣಸೆಹಣ್ಣು ಉಳಿಯಿತು ಎಂದು ಸಾರಿಗೆ ಹಾಕಿದ್ದರು.

ಬಾಬು ಲಾರಿ ತಂದ. ಇಬ್ಬರೂ ಮನೆ ಮನೆಗೆ ಹೋದೆವು. ಊರಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲ. ಡ್ರಮ್ಮುಗಳಲ್ಲೆಲ್ಲ ಕುಡಿಯುವ ನೀರು ತುಂಬಿಟ್ಟಿದ್ದರು. ಚೆಲ್ಲಿ ಎಂದರೆ ಯಾರು ಚೆಲ್ಲುತ್ತಾರೆ? "ತೊಳ್ದಿದೀವಿ ಕಣ್ ಸಾ, ಬೂದಿ ಹಾಕಿ ತಿಕ್ಕಿದೀವಿ," ಎಂದು ಒಬ್ಬಳು ಡ್ರಮ್ಮಿಗೆ ಅಡ್ಡ ನಿಂತಳು. ಯಾಕೆ ಚೆಲ್ಲಬೇಕು ಎಂದು ಕೇಳಿದರು. ಏನೋ ಇದೆ, ಏನೆಂದು ಗೊತ್ತಿಲ್ಲ, ಎಷ್ಟೆಂದು ಗೊತ್ತಿಲ್ಲ. ಬಾಬುವಿನ ನಗು ನಿಂತುಹೋಗಿತ್ತು. ಒಂದು ಮನೆಯ ಮುಂದೆ ಅವನೇ ಡ್ರಮ್ಮು ಬಗ್ಗಿಸಿ ನೀರು ಚೆಲ್ಲಿಬಿಟ್ಟ. ಆ ನೀರು ಬೀದಿಯಲ್ಲಿ ಹರಿದು ಇಂಗುವುದನ್ನು ಅಲ್ಲಿದ್ದ ಹೆಂಗಸರೆಲ್ಲ ಹೆಣ ನೋಡುವ ಹಾಗೆ ನೋಡುತ್ತ ನಿಂತರು.

ಆಗ ಒಬ್ಬ ಮುದುಕಿ ಹೇಳಿದಳು: "ಗಂಗಮ್ಮನ ಮನೇಗೆ ಓಗಪ್ಪ ಮೊದ್ಲು. ಮಗಳ ಸೀಮಂತ ಇವತ್ತು. ಊರಿಗೆಲ್ಲ ಊಟ. ಆ ಮಿಡೀನೇ ಉಪ್ಪಿನಕಾಯಿ ಹಾಕವ್ರೆ."

ಗಂಗಮ್ಮನ ಮನೆಗೆ ಓಡಿದೆ. ಚಪ್ಪರದ ಕೆಳಗೆ ಮೊದಲ ಪಂಕ್ತಿ ಕೂತು ಊಟ ನಡೆಯುತ್ತಿತ್ತು. ಎಲೆಯ ತುದಿಯಲ್ಲಿ ಕೆಂಪಗೆ, ಒಗ್ಗರಣೆ ಹಾಕಿದ ಮಿಡಿ ಉಪ್ಪಿನಕಾಯಿ. ಒಬ್ಬ ಹುಡುಗಿ ಎರಡನೇ ಸಲ ಬಡಿಸುತ್ತ ಬರುತ್ತಿದ್ದಳು. ಹೇಗೆ ಕೂಗಿದೆನೋ ನೆನಪಿಲ್ಲ. "ಉಪ್ಪಿನಕಾಯಿ ತಿನ್ಬೇಡಿ, ಯಾರೂ ತಿನ್ಬೇಡಿ," ಎಂದು ಕೂಗಿದ್ದೆನಂತೆ. ಬಾಯಿ ಹತ್ತಿರ ಹೋದ ಕೈಗಳು ಅಲ್ಲೇ ನಿಂತವು. ಕೆಲವರು ತಿಂದು ಮುಗಿಸಿ ಬೆರಳು ನೆಕ್ಕುತ್ತಿದ್ದರು.

ಗಂಗಮ್ಮ ಒಳಗಿಂದ ಬಂದಳು. ಮೊದಲು ಅವಳಿಗೆ ನಾನು ತಮಾಷೆ ಮಾಡುತ್ತಿದ್ದೇನೆ ಅನ್ನಿಸಿರಬೇಕು. "ಏನ್ ನರಸಣ್ಣ, ಹೆಂಗೈತೆ ನೋಡು ರುಚಿ. ನಿಮ್ ಕಂಪ್ನಿ ಕಾಯಿನೂ ಕೊನೆಗೆ ನಮ್ ಬಾಯ್ಗೆ ಬಂತು," ಎಂದಳು. ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. ಆಮೇಲೆ ತಿರುಗಿ ನಡುಮನೆಯ ಕಡೆ ನೋಡಿದಳು. ಅಲ್ಲಿ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ರೂಪ ಮಣೆಯ ಮೇಲೆ ಕೂತಿದ್ದಳು.

"ಅವ್ಳು ವಾರದಿಂದ ತಿಂತಾವ್ಳೆ," ಎಂದಳು ಗಂಗಮ್ಮ. "ಹುಳಿ ಬೇಕು ಹುಳಿ ಬೇಕು ಅಂತ, ಊಟ ಬುಟ್ಟು ಅದ್ನೇ ತಿಂತಾವ್ಳೆ. ಏನೈತೆ ಅದ್ರಲ್ಲಿ?"

ನಾನು ಮತ್ತೆ ಫೋನು ಮಾಡಿದೆ. ಗಂಗಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದಳು.

"ಸಾ, ನಾನು ರೈತ್ರು ಗಂಗಮ್ಮ. ಆ ಕಾಯ್ನಲ್ಲಿ ವಿಷ ಐತಾ?"

"ವಿಷ ಅಂತಲ್ಲ ಕಣಮ್ಮ," ಎಂದರು ಪ್ರಭಾಕರ್, ಎಂದಿನ ಮೆಲುದನಿಯಲ್ಲಿ. "ಒಂದು ಔಷಧಿ ಅಂಶ ಲಿಮಿಟ್‌ಗಿಂತ ಸ್ವಲ್ಪ ಜಾಸ್ತಿ ಬಂದಿದೆ ಅಷ್ಟೇ."

"ನೀವೇ ಕೊಟ್ಟ ಔಷ್ದಿ ತಾನೇ? ಹೋದ್ ವರ್ಷ ಸರಿಗಿತ್ತು ಅಂತ ಕೊಟ್ರಿ. ಈಗ ಹೆಂಗೆ ಜಾಸ್ತಿ ಆಯ್ತು?"

"ಆಗ ಸರಿಯಾಗೇ ಇತ್ತಮ್ಮ. ಹಡಗು ದಾರಿಯಲ್ಲಿರುವಾಗ ಅವರ ದೇಶದಲ್ಲಿ ಲಿಮಿಟ್ ಇಳಿಸಿದ್ರು."

"ಅದು ಅವ್ರ ಲಿಮಿಟ್ಟು. ನಮ್ದು ಎಷ್ಟು?"

ಗಂಗಮ್ಮ ಇನ್ನೊಂದು ಸಲ ಕೇಳಿದಳು. "ಬಸ್ರಿ ಹೆಂಗ್ಸು ತಿಂದವ್ಳೆ ಸಾ. ನಮ್ದು ಎಷ್ಟು ಅಂತ ಹೇಳ್ಬುಡಿ."

"ನೋಡಿ ಹೇಳ್ತೀನಮ್ಮ," ಎಂದು ಅವರು ಫೋನು ಇಟ್ಟರು. ಆ ಮನುಷ್ಯನನ್ನು ನಾನು ಕೆಟ್ಟವರು ಎಂದು ಬರೆಯಲಾರೆ. ಸಂಜೆ ಅವರೇ ಔಷಧಿಯ ಹೆಸರು ಕಳಿಸಿದರು. ಆದರೆ ಆ ಪ್ರಶ್ನೆಗೆ ಉತ್ತರ ಅವರಿಂದ ಯಾವತ್ತೂ ಬರಲಿಲ್ಲ.

ಎರಡನೇ ಪಂಕ್ತಿ ಕೂರಲೇ ಇಲ್ಲ. ತಿಂದವರು ಮನೆಗೂ ಹೋಗದೆ, ಅಲ್ಲೇ ಬೇವಿನ ಮರದ ಕೆಳಗೆ ಗುಂಪಾಗಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ವಾಂತಿ ಮಾಡುವುದನ್ನು ನೋಡಿ ಇನ್ನೂ ನಾಲ್ಕು ಜನ ವಾಂತಿ ಮಾಡಿದರು. ಕಾಯಿಗೋ ಭಯಕ್ಕೋ ಇವತ್ತಿಗೂ ಗೊತ್ತಿಲ್ಲ. ರೂಪ ಮಾತ್ರ ಮಣೆಯಿಂದ ಏಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಅಲುಗಾಡಿದರೆ ಏನಾಗುತ್ತದೋ ಎಂಬಂತೆ ಕೂತಿದ್ದಳು. "ಅವ್ವಾ, ಒದೀತಾ ಇಲ್ಲ," ಎಂದಳು ಒಮ್ಮೆ. ಸ್ವಲ್ಪ ಹೊತ್ತಿನ ಮೇಲೆ, "ಒದೀತು," ಎಂದಳು. ಗಂಗಮ್ಮ ಅಲ್ಲೇ ಗೋಡೆಗೊರಗಿ ಕುಸಿದು ಕೂತಳು.

ಮಾರನೆಯ ದಿನ ತಾಯಿ ಮಗಳನ್ನು ಮಧುಗಿರಿಗೆ ಕರೆದುಕೊಂಡು ಹೋದೆ. ಪರಿಚಯದ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿದರು. ಔಷಧಿಯ ಹೆಸರನ್ನು ಎರಡು ಸಲ ಓದಿದರು. "ಸದ್ಯಕ್ಕೆ ಮಗು ಚೆನ್ನಾಗಿದೆ. ಆದರೆ ಇದರ ಬಗ್ಗೆ ನಾನು ಸುಳ್ಳು ಧೈರ್ಯ ಹೇಳೋದಿಲ್ಲ," ಎಂದರು. "ಇಂಥದ್ದನ್ನು ಕುಡಿದು ಬಂದವರನ್ನು ನೋಡಿದ್ದೇನೆ. ಊಟದಲ್ಲಿ ಸ್ವಲ್ಪ ಸ್ವಲ್ಪ ತಿಂದವರನ್ನು ಯಾರೂ ನನ್ನ ಹತ್ತಿರ ಕರೆದುಕೊಂಡು ಬಂದಿಲ್ಲ. ನಾವೆಲ್ಲ ತಿನ್ನುತ್ತಿದ್ದೇವೋ ಏನೋ."

ಹೊರಗೆ ಬಂದಾಗ ಸಂತೆಯ ಬೀದಿಯಲ್ಲಿ ಟೊಮೆಟೊ, ಬದನೆ, ಹುರುಳಿಕಾಯಿ ರಾಶಿ ಹಾಕಿದ್ದರು. ಗಂಗಮ್ಮ ಒಂದು ಟೊಮೆಟೊ ಎತ್ತಿಕೊಂಡು ತಿರುಗಿಸಿ ನೋಡಿ, ಇಟ್ಟಳು. ಅವತ್ತು ಅವಳು ಏನೂ ಕೊಳ್ಳಲಿಲ್ಲ.

ಹೆರಿಗೆಯವರೆಗಿನ ದಿನಗಳು ಹೇಗೆ ಕಳೆದವೆಂದು ಹೇಳಲಾರೆ. ನಾನು ಆ ಊರಿಗೆ ಹೋಗಲೇಬೇಕಿತ್ತು, ಹೋಗಲು ಕಾಲು ಬರುತ್ತಿರಲಿಲ್ಲ. ಬೀದಿಯ ತಿರುವಿನಲ್ಲಿ ಜನ ಗುಂಪಾಗಿ ನಿಂತಿದ್ದರೆ ಬೈಕು ನಿಲ್ಲಿಸಿ, ಯಾರ ಮನೆಯ ಮುಂದೆ ಎಂದು ದೂರದಿಂದಲೇ ನೋಡುತ್ತಿದ್ದೆ. ಕಂಪನಿ ಕೆರೆಯಲ್ಲಿದ್ದ ಕಾಯಿಯನ್ನು ಮಣ್ಣಿನ ಸಮೇತ ಎತ್ತಿಸಿತು. ಅಲ್ಲಿಂದಾಚೆಗೆ ಬಿಸಾಡುವ ಡ್ರಮ್ಮುಗಳಿಗೆ ತೂತು ಕೊರೆಯುವ ಕ್ರಮ ಬಂತು. ಆ ಕಂಟ್ರಾಕ್ಟರನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದರು. ಕಂಪನಿಯ ಲೆಕ್ಕದಲ್ಲಿ ಅಲ್ಲಿಗೆ ಎಲ್ಲವೂ ಮುಗಿಯಿತು.

ಮಧುಗಿರಿಯ ಆಸ್ಪತ್ರೆಯಲ್ಲಿ ರೂಪಳಿಗೆ ಹೆಣ್ಣುಮಗು ಹುಟ್ಟಿತು. ನಾನು ಹೋದಾಗ ಗಂಗಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಸುತ್ತಿದ್ದ ಬಟ್ಟೆ ಬಿಚ್ಚಿ, ಕಿವಿ, ಬೆರಳು, ಬೆನ್ನು, ಅಂಗಾಲು ಒಂದೊಂದಾಗಿ ನೋಡುತ್ತಿದ್ದಳು. ಎಲ್ಲ ಸರಿಯಿತ್ತು. "ಎಲ್ಲ ಸರಿಯಾಗೈತೆ ಅಲ್ವಾ ನರಸಣ್ಣ?" ಎಂದಳು. ಸರಿಯಾಗಿದೆ ಎಂದೆ. ಅವಳು ಬಟ್ಟೆ ಸುತ್ತಿ, ಮತ್ತೆ ಬಿಚ್ಚಿ ನೋಡಿದಳು.

ಹುಡುಗರೇ, ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಭಯ ಒಮ್ಮೆ ಅನ್ನದೊಳಗೆ ಹೊಕ್ಕರೆ ಬಿಡುವುದಿಲ್ಲ. ಮಗುವಿಗೆ ನೆಗಡಿಯಾದರೂ, ಮೈಮೇಲೆ ಗುಳ್ಳೆ ಎದ್ದರೂ, ನಡೆಯುವುದು ತಡವಾದರೂ ಆ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಗಂಗಮ್ಮ ಮನೆಯ ಹಿಂದೆ ಒಂದು ಮಡಿ ಮಾಡಿ ಅವರೆ, ಸೊಪ್ಪು, ಸೋರೆ ಹಾಕಿಕೊಂಡಳು. ಅದಕ್ಕೆ ಏನೂ ಹೊಡೆಯುತ್ತಿರಲಿಲ್ಲ. ಹುಳ ತಿಂದು ಉಳಿದದ್ದನ್ನು ಮನೆಗೆ ಬಳಸುತ್ತಿದ್ದಳು. ತೋಟದಲ್ಲಿ ಮಾತ್ರ ಮಿಡಿಸೌತೆಯೇ ಇತ್ತು. ಬೇರೆ ಏನು ಬೆಳೆದರೂ ಮನೆ ಬಾಗಿಲಿಗೆ ಬಂದು ಕೊಳ್ಳುವವರು ಇರಲಿಲ್ಲ. ನಾನೂ ಕೆಲಸ ಬಿಡಲಿಲ್ಲ. ಔಷಧಿ ಕೊಡಲು ಹೋದಾಗಲೆಲ್ಲ ಆ ಊರಿನ ಹೆಂಗಸರು ಒಂದೇ ಮಾತು ಕೇಳುತ್ತಿದ್ದರು. "ಇದ್ನ ಹೊಡೆದ್ರೆ ಆ ಕಾಯಿ ನಾವು ತಿನ್ಬೋದಾ?" ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಬಾಟಲಿ ವಾಪಸ್ ತರುತ್ತಿದ್ದೆ. ನಿಮ್ಮನ್ನೂ ಕೇಳುತ್ತಾರೆ. ಮೇಲಿನವರಿಂದ ತಿಳಿದುಕೊಂಡೇ ಹೋಗಿ. ಅವರು ಹೇಳದಿದ್ದರೆ ಇನ್ನೊಂದು ಸಲ ಕೇಳಿ.

ನಾನು ನಿವೃತ್ತನಾಗುವ ಮೊದಲಿನ ಕೊನೆಯ ಬೆಳೆ. ರೂಪ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಮಗು ಆಗ ಓಡಾಡುವಷ್ಟು ದೊಡ್ಡದಾಗಿತ್ತು. ಬೆಳಿಗ್ಗೆ ಗಂಗಮ್ಮ ಕಾಯಿ ಕೀಳುತ್ತಿದ್ದಳು, ನಾನು ಬದುವಿನ ಮೇಲೆ ನಿಂತು ರಂಗಧಾಮಯ್ಯನ ಜೊತೆ ಮಾತಾಡುತ್ತಿದ್ದೆ. ಮಗು ಸಾಲಿನ ನಡುವೆ ಕೂತು ಬಳ್ಳಿಯಿಂದ ಒಂದು ಮಿಡಿ ಕಿತ್ತು ಕಚ್ಚಿತು.

ಗಂಗಮ್ಮ ಕಿರುಚಿದ್ದು ಕೇಳಿ ಹಾವು ಎಂದುಕೊಂಡು ನಾವಿಬ್ಬರೂ ಓಡಿದೆವು. ಅವಳು ಬಳ್ಳಿ, ಕಂಬ ಏನನ್ನೂ ನೋಡದೆ ನುಗ್ಗಿ, ಮಗುವಿನ ದವಡೆ ಹಿಡಿದು, ಬಾಯೊಳಗೆ ಬೆರಳು ಹಾಕಿ ಚೂರು ಚೂರಾಗಿ ತೆಗೆದಳು. ಮಗು ಉಸಿರು ಕಟ್ಟಿ ಅತ್ತಿತು. ಡ್ರಿಪ್ಪಿನ ಪೈಪು ಕಿತ್ತು ಆ ನೀರಿನಲ್ಲೇ ಬಾಯಿ ತೊಳೆದಳು. "ಹೊಡ್ದಿರ್ನಿಲ್ಲ, ಈ ಸಾಲ್ಗೆ ಇನ್ನೂ ಹೊಡ್ದಿರ್ನಿಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಗುವಿನ ತುಟಿ ಅವಳ ಉಗುರು ತಾಗಿ ಗೀರಿತ್ತು.

ಸುಮಾರು ಹೊತ್ತಿನ ಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. "ನಮ್ ಹೊಲ್ದಲ್ಲಿ ಬೆಳ್ದಿದ್ನ ನಮ್ ಮಗು ಬಾಯ್ಗೆ ಇಟ್ರೆ ಇಂಗೆ ಓಡ್ಬೇಕಲ್ಲ ನರಸಣ್ಣ," ಎಂದಳು.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಗಂಗಮ್ಮ ಕುಡುಗೋಲು ಹಿಡಿದು, ಬಳ್ಳಿ ಹಬ್ಬಿಸಿದ್ದ ದಾರವನ್ನು ಕಂಬದಿಂದ ಕಂಬಕ್ಕೆ ಕಡಿಯುತ್ತ ಬರುತ್ತಿದ್ದಳು. ಕಾಯಿ ತುಂಬಿದ ಬಳ್ಳಿಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿದ್ದವು. ರಂಗಧಾಮಯ್ಯ ನನ್ನ ಕಡೆ ನೋಡಿದ, ನಾನು ತಡೆಯುತ್ತೇನೇನೋ ಎಂದು. ನಾನು ಬೈಕಿಗೆ ಸ್ಟ್ಯಾಂಡು ಹಾಕಿ ಬದುವಿನ ಮೇಲೆ ನಿಂತೆ. ಆಮೇಲೆ ಅವನು ಮನೆಯೊಳಗೆ ಹೋಗಿ ಇನ್ನೊಂದು ಕುಡುಗೋಲು ತಂದು, ಆ ಕಡೆಯ ಸಾಲಿನಿಂದ ಕಡಿಯಲು ಶುರು ಮಾಡಿದ.